ಟೋಪಿಯೊಳಗೆ ಸಿಕ್ಕಿದ ಬೆರಳು

ಆ ಹೊಲಿಗೆ ಅಂಗಡಿಗೆ ಯಜಮಾನಿ ಅತ್ತೆ, ದುಡಿಯುವವಳು ಸೊಸೆ, ಇಬ್ಬರ ಮೇಲೂ ದರ್ಬಾರು ನಡೆಸುವವಳು ದೊರೆಸಾನಿ ಎಂಬ ಬೂದು ಬೆಕ್ಕು. ಸೊಸೆ ಕೂರುವುದು ಒಳಕೋಣೆಯಲ್ಲಿ, ಬಟ್ಟೆಯ ಥಾನುಗಳ ನಡುವೆ. ಹೊರಹೋಗಲು ಇದ್ದದ್ದು ಒಂದೇ ಬಾಗಿಲು, ಅದೂ ಅತ್ತೆ ಬಟ್ಟೆ ಕತ್ತರಿಸುವ ಮೇಜಿನ ಪಕ್ಕದಲ್ಲೇ.

"ಬೆಕ್ಕು ಕಚ್ಚಿತು ಅನ್ನೋರು ಮೊದಲು ತಾವೇ ಕೆಣಕಿರ್ತಾರೆ" ಎನ್ನುವುದು ಅತ್ತೆಯ ವೇದವಾಕ್ಯ. ಗುಂಡಿ ತೂರಿಸುವ ಕಾಜಾ ಹೊಲಿಯುತ್ತಿದ್ದವಳೊಬ್ಬಳು ಪರಚಿದ ಕೈ ತೋರಿಸಿದ ದಿನವೇ ಕೆಲಸ ಕಳೆದುಕೊಂಡಿದ್ದಳು. "ದೊರೆಸಾನಿಗೆ ಹೊಂದದವರು ಈ ಮನೆಗೂ ಹೊಂದಲ್ಲ" ಎಂದಿದ್ದರು ಅತ್ತೆ.

ಈ ಮನೆಗೆ ಬಂದು ಮೂರೇ ತಿಂಗಳಾದ ಸೊಸೆ ಹೊಂದಿಕೊಳ್ಳದೆ ಎಲ್ಲಿಗೆ ಹೋದಾಳು? ಹಾಗಾಗಿ, ಲೈನಿಂಗ್ ಬಟ್ಟೆ ಎಳೆಯುವಾಗ ಅದರಡಿ ಮಲಗಿದ್ದ ದೊರೆಸಾನಿ ಬಲಗೈಯ ನಡುಬೆರಳ ತುದಿಗೆ ಹಲ್ಲು ಊರಿದಾಗ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಎರಡೇ ಚುಕ್ಕೆ, ಸಾಸಿವೆಯಷ್ಟು ರಕ್ತ. ದಿನಕ್ಕೆ ಹತ್ತು ಸಲ ಸೂಜಿ ಚುಚ್ಚಿಸಿಕೊಳ್ಳುವವರ ಅಭ್ಯಾಸದಂತೆ ಬೆರಳನ್ನು ಬಾಯಲ್ಲಿಟ್ಟು ಚೀಪಿ, ಸೆರಗಿಗೆ ಒರೆಸಿಕೊಂಡು ಹೊಲಿಗೆ ಮುಂದುವರಿಸಿದಳು. ಸಂಜೆಗೆ ತೂತು ಮುಚ್ಚಿತು. ಒಳಹೊಕ್ಕಿದ್ದ ನಂಜಿಗೆ ಅಗುಳಿ ಹಾಕಿಕೊಟ್ಟಂತಾಯಿತು.

ಮರುದಿನ ಬೆಳಿಗ್ಗೆ ಬೆರಳು ಕೆಂಪಗೆ ಊದಿ ಮಿಡಿಯುತ್ತಿತ್ತು. ಅತ್ತೆಗೆ ಕಾಣಬಾರದೆಂದು, ಸೂಜಿ ಒತ್ತಲು ತೊಡುವ ಲೋಹದ ಟೋಪಿಯನ್ನು ಹಲ್ಲು ಕಚ್ಚಿ ಅದಕ್ಕೆ ತೂರಿಸಿದಳು. ಮಧ್ಯಾಹ್ನದ ಹೊತ್ತಿಗೆ ಬೆರಳು ಏಳುಸುತ್ತಿನ ಕೋಟೆಯೊಳಗಿನ ರಾಜಕುಮಾರಿಯಾಗಿತ್ತು. ಎಳೆದರೆ ಬರದು, ತಿರುಗಿಸಿದರೆ ಕಣ್ಣು ಕತ್ತಲೆ.

"ಯಾಕೆ, ಮಿಷನ್ನು ಸುಮ್ಮನಾಯ್ತು? ಹರಕೆ ಹೊತ್ತು ಮೌನವ್ರತ ಹಿಡಿದಿದೆಯಾ?" ಅತ್ತೆ ಮೇಜು ಬಿಟ್ಟು ಒಳಬಂದರು.

"ಏನಿಲ್ಲ ಅತ್ತೆ. ಸೂಜಿ ಚುಚ್ಚಿತು."

ಅತ್ತೆ ಸೋಪು ಹಚ್ಚಿದರು, ಮಿಷನ್ನಿಗೆ ಬಿಡುವ ಎಣ್ಣೆ ಬಿಟ್ಟರು, ಎಳೆದರು. "ಇದ್ಯಾವ ಸೂಜಿಯೇ, ಹಾರೆನಾ?" ಎಂದವರು, ಮಣಿಕಟ್ಟಿನತ್ತ ಹತ್ತುತ್ತಿದ್ದ ಕೆಂಪುಗೆರೆ ಕಂಡು ಚಪ್ಪಲಿ ಮೆಟ್ಟಿ ಅವಳನ್ನು ಆಸ್ಪತ್ರೆಗೆ ಹೊರಡಿಸಿದರು.

ಡಾಕ್ಟರಮ್ಮ ಸಣ್ಣ ಗರಗಸದಲ್ಲಿ ಟೋಪಿ ಕೊಯ್ದು ತೆಗೆದರು. "ಏನಾಗಿತ್ತು?"

"ಸೂಜಿ," ಅಂದರು ಅತ್ತೆ.

"ಎರಡು ಮೊನೆಯ ಸೂಜೀನಾ? ನೀನು ಹೇಳಮ್ಮ. ಬೆಕ್ಕಿನ ಹಲ್ಲಾದ್ರೆ ನಂಜು ಆಳಕ್ಕೆ ಇಳಿದಿರುತ್ತೆ. ಅದಕ್ಕೆ ಔಷಧಿ ಬೇರೆ, ಇಂಜೆಕ್ಷನ್ನೂ ಬೇರೆ. ಮುಚ್ಚಿಟ್ರೆ ಈ ಬೆರಳು ಇನ್ನು ಮಡಚೋಕೆ ಬರದೇ ಹೋಗಬಹುದು."

ಅತ್ತ ದರಿ, ಇತ್ತ ಪುಲಿ. ಮಡಚದ ಬೆರಳಿನವಳಿಗೆ ಸೂಜಿ ಹಿಡಿಯಲಾಗದು. ಬೆಕ್ಕಿನ ಹೆಸರೆತ್ತಿದವಳಿಗೆ ಆ ಮನೆಯಲ್ಲಿ ನಿಲ್ಲಲಾಗದು. ಅವಳು ಬಾಗಿಲ ಕಡೆ ನೋಡಿದಳು. ಅಡ್ಡಕ್ಕೆ ಅತ್ತೆಯೇ ನಿಂತಿದ್ದರು.

"ದೊರೆಸಾನಿ," ಎಂದಳು. "ನಿನ್ನೆ ಬೆಳಿಗ್ಗೆ. ನಾನು ಕೆಣಕಲಿಲ್ಲ."

"ಆಗಲೇ ಬೊಗಳೋಕೆ ಏನಾಗಿತ್ತು? ಒಂದು ಬೆಕ್ಕಿಗೆ ಇಷ್ಟು ಹೆದರಿಕೇನಾ?"

"ಬೆಕ್ಕಿಗಲ್ಲ ಅತ್ತೆ."

ಡಾಕ್ಟರಮ್ಮ ಗಾಯ ಬಿಡಿಸಿ ತೊಳೆಯತೊಡಗಿದರು. ಸೊಸೆಯ ಚೀರಾಟ ಬೀದಿಯವರೆಗೂ ಕೇಳಿಸಿತು. ಎರಡು ಇಂಜೆಕ್ಷನ್ ಆಯಿತು. ಕೈ ಎತ್ತಿ ಹಿಡಿದೇ ಇರಬೇಕು, ನಾಳೆ ಮತ್ತೆ ತೋರಿಸಬೇಕು, ಬೆರಳು ಮಡಚುವುದೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರಮ್ಮ.

ಹಿಂದಿರುಗುವ ದಾರಿಯುದ್ದಕ್ಕೂ ಅತ್ತೆ ಅವಳ ಮೊಣಕೈ ಹಿಡಿದು ಮೇಲೆತ್ತಿದ್ದರು. ಕಳ್ಳಿಯನ್ನು ಹಿಡಿದು ತರುತ್ತಿದ್ದಾರೋ ರೋಗಿಯನ್ನೋ, ನೋಡಿದವರಿಗೆ ತಿಳಿಯುವಂತಿರಲಿಲ್ಲ. ಅವಳಿಗೂ ತಿಳಿಯಲಿಲ್ಲ.

"ಕೈ ಇಳಿಸಬೇಡ," ಅಂದರು ಅತ್ತೆ. "ಮೊದಲು ಬೆರಳು ಮಡಚಲಿ. ನಿನ್ನದೂ ದೊರೆಸಾನಿಯದೂ ಪಂಚಾಯಿತಿ ಆಮೇಲೆ ಮಾಡ್ತೀನಿ."