ನಾಲ್ಕನೇ ಮಗ್ಗ

ಟೆಸ್ಟರಿನ ತುದಿ ನಾಲ್ಕನೇ ಮಗ್ಗದ ಕಬ್ಬಿಣಕ್ಕೆ ತಾಗುತ್ತಲೇ ಅದರೊಳಗಿನ ದೀಪ ಕೆಂಪಗೆ ಹೊತ್ತಿತು. ಲಾಡಸಾಬ ಹಿಂದೆ ಸರಿದ.

“ಪೂರಾ ಮಗ್ಗಾ ಕರೆಂಟ್ ಹೊತ್ಗೊಂಡು ನಿಂತೈತ್ರಿ,” ಎಂದು ಉಳಿದ ಮಗ್ಗಗಳ ಗದ್ದಲದಲ್ಲಿ ಕೂಗಿದ. ನಲವತ್ತು ವರ್ಷದಿಂದ ಇಳಕಲ್ಲಿನ ಸೀರೆ ಕಾರ್ಖಾನೆಗಳಿಗೆ ವಯರಿಂಗ್ ಮಾಡುತ್ತ ಬಂದ ಮುದುಕ.

ಮೊನ್ನೆ ಇದೇ ಮಗ್ಗ ಅದರಲ್ಲಿ ನೇಯುತ್ತಿದ್ದ ಸಾಜಿಯಾಳನ್ನು ಗೋಡೆಗೆ ಒಗೆದಿತ್ತು. ಅವಳಿನ್ನೂ ದವಾಖಾನೆಯಲ್ಲಿದ್ದಳು, ಬಲಗೈ ಬೆರಳು ಮಡಚಲು ಬರುತ್ತಿರಲಿಲ್ಲ. ಹುಡುಗಿ ಚಕ್ಕರ ಬಂದು ಬಿದ್ದಳು ಎಂದು ಊರಿಗೆಲ್ಲ ಹೇಳಿಕೊಂಡು ಬಂದ ಮಾಲೀಕ ಹೊಳಬಸಪ್ಪ, ಇವತ್ತು ಅವಳ ಅಕ್ಕ ಜೋಹರಾಳಿಗೆ ಅದೇ ಮಗ್ಗ ನಡೆಸಲು ಹೇಳಿದ್ದ. ಜೋಹರಾ ಮಗ್ಗ ಮುಟ್ಟದೆ ಹೋಗಿ ಲಾಡಸಾಬನನ್ನು ಕರೆತಂದಿದ್ದಳು.

ಲಾಡಸಾಬ ಮೋಟರಿನ ಹತ್ತಿರ ಬಗ್ಗಿದ. ವಯರಿನ ಜೋಡಣೆಗೆ ರೇಷ್ಮೆಯ ಚಿಂದಿ ಸುತ್ತಿತ್ತು. ಅದಕ್ಕೆ ಟೆಸ್ಟರ್ ಹಿಡಿದ. ಅಲ್ಲೂ ದೀಪ ಹತ್ತಿತು.

“ಇದನ್ಯಾರವಾ ಸುತ್ತಿದವ್ರು?”

“ನಾನ, ಚಾಚಾ. ಟೇಪ್ ತರಸ್ರಿ ಅಂತ ಮೂರ್ ಸರ್ತಿ ಕೇಳಿದೆ. ಏನರ ಸುತ್ತು ಹೋಗ ಅಂದ್ರು ಸಾವ್ಕಾರ್ರು. ರೇಷ್ಮಿ ಕರೆಂಟ್ ಬಿಡೂದಿಲ್ಲಂತ ನೀವ ಹೇಳಿದ್ರಲ್ಲ?”

“ಒಣಾ ರೇಷ್ಮಿ ಬಿಡೂದಿಲ್ಲ. ಎಳಿ ಹರೀಬಾರ್ದಂತ ದಿನಾ ಗಂಜಿನೀರು ಚಿಮುಕಸ್ತೀರಿ. ತೊಯ್ದ ಮ್ಯಾಲ ಅದೇನ್ ತಡೀತೈತಿ? ತಾಮ್ರದಾಗಿನ ಕರೆಂಟ್ ಚಿಂದ್ಯಾಗ ಹಾಯ್ದು ಕಬ್ಬಿಣಕ್ಕ ಇಳದೈತಿ. ಅರ್ಥಿಂಗ್ ವಯರ್ ಇದ್ದಿದ್ರ ನೆಲಕ್ಕ ಹೋಗ್ತಿತ್ತು. ಇಲ್ಲಿ ಅದೂ ಇಲ್ಲ.”

ಹೊಳಬಸಪ್ಪ ನಕ್ಕ. “ಕೇಳಿದ್ರಿಲ್ಲೊ ಎಲ್ಲಾರೂ? ತಂಗಿ ಕೈ ಸುಟ್ಟಾಕಿ ಈಕಿ. ನನ್ನ ಹೆಸರ್ಯಾಕ?”

ಜೋಹರಾ ಅವನತ್ತ ತಿರುಗಿದಳು. “ಹೌದ್ರಿ, ಸುತ್ತಿದಾಕಿ ನಾನ. ಸಾಯೂತನಕ ಅದು ನನ್ನ ಎದ್ಯಾಗ ಇರ್ತೈತಿ. ನಿಮ್ಮ ಎದ್ಯಾಗ ಏನೈತಿ ಹೇಳ್ರಿ.”

“ನಾಟಕ ಸಾಕು.” ಅವನು ಮುಂದೆ ಬಂದು ಮಗ್ಗದ ಮೇಲೆ ಅಂಗೈ ಊರಿದ. “ನೋಡು. ನನಗ್ಯಾಕ ಹೊಡೀವಲ್ದು?”

ಅವನ ಕಾಲಲ್ಲಿ ದಪ್ಪ ರಬ್ಬರಿನ ಚಪ್ಪಲಿ ಇತ್ತು. ನೇಯುವವರೆಲ್ಲ ಬರಿಗಾಲಲ್ಲಿದ್ದರು.

“ಅನ್ನಾ ಕೊಡೂ ಮಗ್ಗದ ಮುಂದ ನಾವ್ಯಾರೂ ಚಪ್ಪಲಿ ಮೆಟ್ಟಿಕೊಂಡು ನಿಂದ್ರೂದಿಲ್ರಿ,” ಎಂದಳು ಜೋಹರಾ. “ನೀವೂ ಬಿಡ್ರಿ. ಈ ಹಸೀ ನೆಲದ ಮ್ಯಾಲ ನಿಂತು ಕೈ ಹಚ್ರಿ. ಏನೂ ಆಗ್ಲಿಲ್ಲಂದ್ರ ಈಗಿಂದೀಗ ನಡಸ್ತೇನಿ.”

“ಬಿಡಬ್ಯಾಡ್ರಿ ಸಾವ್ಕಾರ್ರ,” ಲಾಡಸಾಬ ಅಂದ. “ದವಾಖಾನ್ಯಾಗ ಖಾಟ್ ಖಾಲಿ ಇಲ್ಲ.”

ಯಾರೋ ಕಿಸಕ್ಕನೆ ನಕ್ಕರು. ಹೊಳಬಸಪ್ಪನ ಕೈ ತಾನಾಗಿ ಹಿಂದೆ ಬಂತು.

“ನಾಳಿಂದ ಬರಬ್ಯಾಡ ನೀ!” ಎಂದು ಜೋಹರಾಳತ್ತ ಕಿರುಚಿದ. “ಇವತ್ತು ಯಾರರ ಒಬ್ರು ಈ ಮಗ್ಗಾ ನಡಸಾಕ ಬೇಕು. ಏ ನೀಲಾಬಾಯಿ, ಬಾ ಇಲ್ಲಿ.”

ಇಪ್ಪತ್ತು ವರ್ಷ ಅಲ್ಲಿ ನೇಯ್ದ ನೀಲಾಬಾಯಿ ಅವನಿಗೆ ಎದುರಾಡಿದ್ದನ್ನು ಯಾರೂ ಕಂಡಿರಲಿಲ್ಲ. ಆಗಲೂ ಆಡಲಿಲ್ಲ. ತನ್ನ ಮಗ್ಗ ಓಡುತ್ತಿದ್ದಂತೆಯೇ ಬಿಟ್ಟು ಬಂದಳು, ಅವನನ್ನು ದಾಟಿ ಬಾಗಿಲ ಪಕ್ಕದ ಗೋಡೆಗೆ ಹೋದಳು, ಮೇನ್ ಸ್ವಿಚ್ ಕೆಳಗೆಳೆದಳು.

ಎಲ್ಲ ಮಗ್ಗಗಳೂ ನಿಂತವು. ಅವಳ ಮಗ್ಗದಲ್ಲಿ ಲಾಳಿ ಕೆಂಪು ಎಳೆಗಳ ನಡುವೆ ಅರ್ಧ ದಾರಿಯಲ್ಲೇ ಇತ್ತು.