ಜೋಡಿ ಗೇರು

"ಎರಡು ಹಲ್ಲು ಮುರಿದಿದೆ, ಮೂರನೇದು ಬಿರುಕು ಬಿಟ್ಟಿದೆ. ಇದರ ಕಥೆ ಮುಗೀತು ಅಕ್ಕಾ" ಎಂದು ಮೆಕ್ಯಾನಿಕ್ ಎಣ್ಣೆ ತೊಟ್ಟಿಕ್ಕುತ್ತಿದ್ದ ಚಿಕ್ಕ ಗೇರನ್ನು ಅವಳ ಅಂಗೈಗೆ ಹಾಕಿದ.

ತಮ್ಮನೊಬ್ಬನಿಗಲ್ಲ, ಬಂದರಿನಲ್ಲಿ ಎಲ್ಲರಿಗೂ ಅವಳು ಅಕ್ಕ. ಹಾಯಿದೋಣಿಯಲ್ಲಿ ಜನರನ್ನು ಕೂರಿಸಿಕೊಂಡು ಸಮುದ್ರದಲ್ಲಿ ಒಂದು ಸುತ್ತು ಹಾಕಿಸಿ ತರುವುದು ಅವಳ ಹೊಟ್ಟೆಪಾಡು. ಹೊರಗೆ ಹೋದಮೇಲೆ ಗಾಳಿ ನೋಡಿಕೊಳ್ಳುತ್ತದೆ, ನಿಜ. ಆದರೆ ಬಂದರಿನ ಇಕ್ಕಟ್ಟಾದ ಬಾಯಿ ದಾಟಲು ಇಂಜಿನ್ ಬೇಕು, ಇಂಜಿನ್ನಿನ ಶಕ್ತಿಯನ್ನು ನೀರಿನಡಿಯ ಫ್ಯಾನಿಗೆ ಮುಟ್ಟಿಸಲು, ಒಂದು ಚಿಕ್ಕ ಗೇರು ಒಂದು ದೊಡ್ಡ ಗೇರು ಹಲ್ಲಿಗೆ ಹಲ್ಲು ಕೂಡಿ ತಿರುಗುವ ಈ ಗೇರ್‌ಬಾಕ್ಸ್ ಬೇಕು. ಅದನ್ನು ಮಾಡಿದ ಕಂಪನಿ ಯಾವ ಕಾಲದಲ್ಲೋ ಬಾಗಿಲು ಹಾಕಿತ್ತು.

ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದ್ದಾಯಿತು. ಒಬ್ಬನಂತೂ "ಅದೇ ಇದೆ, ಬನ್ನಿ" ಎಂದು ಅಷ್ಟು ದೂರ ಕರೆಸಿಕೊಂಡು, ಟ್ರ್ಯಾಕ್ಟರಿನ ಗೇರು ತೋರಿಸಿ, "ಸ್ವಲ್ಪ ಉಜ್ಜಿದ್ರೆ ಕೂರತ್ತೆ" ಎಂದಿದ್ದ. ಕೊನೆಗೆ ಉಳಿದದ್ದು ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿ ಬಿಡದ ಒಂದೇ ಜಾಗ. ಅದು ಅವಳ ತಮ್ಮನ ದೋಣಿ.

ಅಪ್ಪ ಇಬ್ಬರಿಗೂ ಒಂದೇ ಥರದ ದೋಣಿ ಕೊಡಿಸಿದ್ದರು. ಅಕ್ಕನದು ನೀರಿನಲ್ಲಿತ್ತು. ತಮ್ಮನದು ವರ್ಷಗಳಿಂದ ದಡದ ಮೇಲೆ ಮರದ ದಿಮ್ಮಿಗಳ ಆಸರೆಯಲ್ಲಿ ನಿಂತಿತ್ತು. ಒಮ್ಮೆ ಬಣ್ಣ ಆಗಿಲ್ಲ ಎನ್ನುತ್ತಿದ್ದ, ಒಮ್ಮೆ ಹಲಗೆ ಬದಲಿಸಬೇಕು ಎನ್ನುತ್ತಿದ್ದ, ಆಮೇಲೆ ಬೆನ್ನುನೋವು ಬಂತು. ಮುಂದಿನ ಸಲ ಖಂಡಿತ ಇಳಿಸುತ್ತೇನೆ ಎನ್ನುವುದು ಮಾತ್ರ ತಪ್ಪಲಿಲ್ಲ. ಬಂದರಿನವರು ಅವನಿಗೆ ಕ್ಯಾಪ್ಟನ್ ಎಂದು ಹೆಸರಿಟ್ಟರು. ಅದು ಗೇಲಿ ಎಂದು ಗೊತ್ತಿದ್ದೂ ಕರೆದಾಗಲೆಲ್ಲ ಅವನು ಓಗೊಡುತ್ತಿದ್ದ. ದಿನಾ ಬೆಳಿಗ್ಗೆ ದೋಣಿ ಹತ್ತಿ, ತುಕ್ಕು ಹಿಡಿಯಬಾರದೆಂದು ಇಂಜಿನ್ನನ್ನು ಕೈಯಿಂದಲೇ ತಿರುಗಿಸಿ ಇಳಿಯುತ್ತಿದ್ದ. ಅದು ಒಂದಲ್ಲ ಒಂದು ದಿನ ನೀರಿಗಿಳಿಯುತ್ತದೆ ಎಂಬ ಆಸೆಯೇ ಅವನನ್ನು ಹಾಸಿಗೆಯಿಂದ ಎಬ್ಬಿಸುತ್ತಿತ್ತು.

ಅಕ್ಕ ಕೇಳಲಿಲ್ಲ. ತಮ್ಮನೇ ಬಂದು ಮೆಕ್ಯಾನಿಕ್‌ಗೆ ಹೇಳಿದ.

"ಚಿಕ್ಕ ಗೇರು ತಾನೆ? ತಗೊಳ್ಳಿ. ದೊಡ್ಡದನ್ನ ಮಾತ್ರ ಮುಟ್ಟಬೇಡಿ. ಮುಂದೆ ಎಲ್ಲಾದ್ರೂ ಒಂದು ಚಿಕ್ಕದು ಸಿಕ್ಕಿದ್ರೆ ನಂದೂ ಓಡತ್ತೆ."

"ಸಿಗದೆ ಏನು ಕ್ಯಾಪ್ಟನ್ರೇ, ಸಿಕ್ಕೇ ಸಿಗತ್ತೆ" ಎಂದ ಮೆಕ್ಯಾನಿಕ್.

ವರ್ಷಗಟ್ಟಲೆ ಜೊತೆಯಾಗಿ ತಿರುಗಿದ ಎರಡು ಗೇರುಗಳ ಹಲ್ಲು ಒಂದಕ್ಕೊಂದು ಹೊಂದಿಕೊಂಡೇ ಸವೆದಿರುತ್ತವೆ. ಅವನ್ನು ಅಗಲಿಸಬಾರದು, ಹಾಕಿದರೆ ಜೋಡಿಯನ್ನೇ ಹಾಕಬೇಕು. ಮೆಕ್ಯಾನಿಕ್‌ಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ಎದುರಿಗೆ ನಿಂತವನ ಮುಖ ನೋಡಿ ನಾಲಿಗೆ ಏಳಲಿಲ್ಲ. ದಾಕ್ಷಿಣ್ಯಕ್ಕೆ ಬಸುರಾಗುವುದು ಎಂದರೆ ಇದೇ. ತಮ್ಮನ ಚಿಕ್ಕ ಗೇರನ್ನು ಅಕ್ಕನ ದೊಡ್ಡ ಗೇರಿಗೆ ಜೊತೆ ಮಾಡಿ ಕೂರಿಸಿಬಿಟ್ಟ.

ಇಂಜಿನ್ ಶುರುಮಾಡಿ ಗೇರು ಹಾಕಿದ್ದೇ ತಡ, ದೋಣಿ ಊಳಿಟ್ಟಿತು. ಬಲೆ ಬಿಡಿಸುತ್ತಿದ್ದವರು ತಲೆಯೆತ್ತಿದರು. "ಏನಕ್ಕಾ, ದೋಣಿಗೆ ಹಲ್ಲುನೋವಾ?" ಎಂದು ಯಾರೋ ಕೂಗಿದರು. ಅಕ್ಕ ಇಂಜಿನ್ ನಿಲ್ಲಿಸಿ ಮೆಕ್ಯಾನಿಕ್‌ನತ್ತ ತಿರುಗಿದಳು.

"ಹೀಗಾಗತ್ತೆ ಅಂತ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತು."

"ನಂಗೂ ಗೊತ್ತಿತ್ತು. ಹೋಗ್ಲಿ ಬಿಡು. ಅವನಿಗೆ ಮಾತ್ರ ಹೇಳಬೇಡ. ಎಣ್ಣೆ ಸಾಲಲಿಲ್ಲ ಅನ್ನು. ನಾನು ಹಾಯಿ ಕಟ್ಟಿಕೊಂಡೇ ಹೇಗೋ ನಿಭಾಯಿಸ್ತೀನಿ."

ಅದು ಆಗದ ಮಾತು ಎಂಬುದು ಹೇಳಿದವಳಿಗೇ ಗೊತ್ತಿತ್ತು. ಅನ್ನ ಒಂದು ಕಡೆ, ತಮ್ಮ ಒಂದು ಕಡೆ. ಅವಳಿಗೆ ಅಳು ಬಂತು. ಮೆಕ್ಯಾನಿಕ್ ಇದ್ದಾನೆಂದೂ ನೋಡದೆ ಅತ್ತುಬಿಟ್ಟಳು.

ಆದರೆ ದಡದಲ್ಲಿ ಕೂತಿದ್ದ ಕ್ಯಾಪ್ಟನ್ ಕಿವುಡನೇನಲ್ಲ. ಮರುದಿನ ಬೆಳಿಗ್ಗೆ ದೊಡ್ಡ ಗೇರನ್ನು ಹಳೇ ಬನಿಯನ್ನಿನಲ್ಲಿ ಸುತ್ತಿಕೊಂಡು ಬಂದು ಅಕ್ಕನ ಮುಂದಿಟ್ಟ. ತಾನೇ ಬಿಚ್ಚಿದ್ದ, ಬೆರಳ ಗಂಟುಗಳ ಚರ್ಮ ಕಿತ್ತುಹೋಗಿತ್ತು.

"ಬೇಡ ಕಣೋ. ಇದನ್ನೂ ಕೊಟ್ರೆ ಇನ್ನೇನು ಉಳೀತು?"

"ಸುಮ್ನಿರು ಅಕ್ಕಾ. ಹಾಕಿದ್ರೆ ಜೋಡೀನೇ ಹಾಕ್ಬೇಕು ಅಂತ ಅಪ್ಪ ನಿನಗೊಬ್ಬಳಿಗೇ ಹೇಳಿಕೊಟ್ಟಿದ್ರಾ?"

"ಮತ್ತೆ ನಿನ್ನ ದೋಣಿ?"

"ಅದಕ್ಕೆ ಇನ್ನೂ ಬಣ್ಣಾನೇ ಆಗಿಲ್ಲವಲ್ಲ" ಎಂದು ಅವನು ನಕ್ಕ. ಅಕ್ಕನಿಗೆ ನಗಲಾಗಲಿಲ್ಲ.

ಮೆಕ್ಯಾನಿಕ್ ಜೋಡಿಯನ್ನು ಕೂರಿಸಿದ. ಮಧ್ಯಾಹ್ನ ಅಕ್ಕನ ದೋಣಿ ಜನರನ್ನು ತುಂಬಿಕೊಂಡು ಬಂದರಿನ ಬಾಯಿ ದಾಟಿತು. ಗೇರಿನ ಸದ್ದು ದಡಕ್ಕೆ ಕೇಳಿಸಲೇ ಇಲ್ಲ. ಅಕ್ಕ ಹಾಯಿ ಬಿಚ್ಚುವವರೆಗೂ ಕ್ಯಾಪ್ಟನ್ ತನ್ನ ದೋಣಿಯ ನೆರಳಿನಲ್ಲಿ ನಿಂತು ನೋಡಿದ.

ಪಕ್ಕದ ದೋಣಿಗೆ ಬಣ್ಣ ಬಳಿಯುತ್ತಿದ್ದವನು ಬಂದು, ಕ್ಯಾಪ್ಟನ್ನನ ದೋಣಿಗೆ ಒರಗಿಸಿದ್ದ ಏಣಿ ಕೇಳಿದ.

"ಸಂಜೆ ವಾಪಸ್ ತಂದಿಡ್ತೀನಿ. ಬೆಳಿಗ್ಗೆ ಹತ್ತೋಕೆ ಬೇಕಲ್ಲ ನಿಮಗೆ."

"ನಿನ್ನ ಹತ್ರಾನೇ ಇರ್ಲಿ" ಎಂದ ಕ್ಯಾಪ್ಟನ್, ಏಣಿಯ ಇನ್ನೊಂದು ತುದಿಯನ್ನು ತಾನೇ ಎತ್ತಿ ಹಿಡಿದ.