ಅಹ್ಮದಿಯಲ್ಲಿ ನಾನು ಆರಿಸಿದ ಬೆಂಕಿ

ಕುವೈತಿನ ಎಣ್ಣೆಬಾವಿಗಳ ಬೆಂಕಿಯನ್ನು ಅಮೆರಿಕದವರು ಆರಿಸಿದರು, ಕೆನಡಾದವರು ಆರಿಸಿದರು ಎಂದು ಪತ್ರಿಕೆಗಳು ಬರೆದವು. ಅದರಲ್ಲೊಂದು ಬೆಂಕಿಯನ್ನು ಮೂಲ್ಕಿಯ ಯಶೋಧರ ಊಟದ ಸ್ಟೀಲು ತಟ್ಟೆಯಿಂದ ಆರಿಸಿದ ಎಂದು ಯಾವ ಪತ್ರಿಕೆಯೂ ಬರೆಯಲಿಲ್ಲ. ಆ ಯಶೋಧರ ನಾನೇ ಆದ್ದರಿಂದ ಕೊನೆಗೆ ನಾನೇ ಬರೆಯಬೇಕಾಗಿ ಬಂದಿದೆ.

ಅದು ೧೯೯೧ರ ಆಗಸ್ಟ್. ಇರಾಕಿನ ಸೈನ್ಯ ಓಡುವಾಗ ಹಚ್ಚಿಹೋದ ಬಾವಿಗಳು ಇನ್ನೂ ಉರಿಯುತ್ತಿದ್ದವು. ನಡುಮಧ್ಯಾಹ್ನ ಕಾರುಗಳು ದೀಪ ಹಾಕಿಕೊಂಡು ಓಡಾಡುತ್ತಿದ್ದವು. ಬಿಳಿ ಬೆಕ್ಕು ಅಂಗಳಕ್ಕೆ ಹೋದರೆ ಕರಿ ಬೆಕ್ಕಾಗಿ ಮರಳುತ್ತಿತ್ತು. ಕರಿ ಬೆಕ್ಕು ಹೋದರೆ ಮರಳಿದ್ದೇ ಗೊತ್ತಾಗುತ್ತಿರಲಿಲ್ಲ. ಎಣ್ಣೆಬಾವಿಗಳ ಊರಾದ ಅಹ್ಮದಿಯ ಒಂದು ಗೆಸ್ಟ್‌ಹೌಸಿನಲ್ಲಿ ಬೆಂಕಿ ಆರಿಸುವ ಅಮೆರಿಕನ್ ತಂಡ ಇಳಿದುಕೊಂಡಿತ್ತು. ಅದರ ಅಡುಗೆಮನೆಗೆ ನಾನು ರಾಜ, ಮಂಗಳೂರಿನ ಪಾಯಸ್ ನನ್ನ ಮಂತ್ರಿ. ಪಾಯಸನನ್ನು ಕೇಳಿದರೆ ಇದನ್ನೇ ತಿರುಗಿಸಿ ಹೇಳುತ್ತಾನೆ, ನಂಬಬೇಡಿ.

ನಮ್ಮ ರಾಜ್ಯಕ್ಕೆ ಗಂಡಾಂತರ ಬಂದದ್ದು ಕುವೈತ್ ನಗರದ ಶರ್ಕ್ ಬಡಾವಣೆಯಿಂದ. ಅಲ್ಲಿಯ ಕಂಪನಿ ಆಫೀಸಿನವರಿಗೆ ಅಡುಗೆಯವರನ್ನು ಬಿಡಿಸಿ, ಪರದೇಶದಿಂದ ಡಬ್ಬಿ ಊಟ ತರಿಸುವ ಯೋಚನೆ ಹುಟ್ಟಿತು. ನಮಗೆ ಜಾಮೀನು ನಿಂತ ಕಫೀಲ್ ನಮ್ಮಿಬ್ಬರ ಇಕಾಮಾ, ಎಂದರೆ ವಾಸದ ಪರವಾನಗಿ, ಮಾಡಿಸಿದ್ದು ಈ ಕೆಲಸದ ಮೇಲೆಯೇ. ಅಡುಗೆಮನೆ ಮುಚ್ಚಿದರೆ ಇಕಾಮಾ ಖಲಾಸ್, ಮರುದಿನ ವಿಮಾನ. ಹಿಂದಿನ ವರ್ಷ ಯುದ್ಧಕ್ಕೆ ಹೆದರಿ ಜೋರ್ಡಾನಿನ ಮರಳುಗಾಡು ದಾಟಿ ಊರಿಗೆ ಹೋಗಿದ್ದಾಗ ನನ್ನ ಕೈಯಲ್ಲಿದ್ದದ್ದು ಒಂದು ಪ್ರೆಶರ್ ಕುಕ್ಕರ್, ಅದಕ್ಕೂ ಮುಚ್ಚಳ ಇರಲಿಲ್ಲ. ಇನ್ನೊಮ್ಮೆ ಹಾಗೆ ಬರಿಗೈಯಲ್ಲಿ ಹೋಗಿ ನಿಂತರೆ ನನ್ನ ಹೆಂಡತಿ ಕುಸುಮಾವತಿ ಬಾಗಿಲು ತೆರೆಯುವುದು ಸಂಶಯವೇ ಆಗಿತ್ತು.

ತಂಡದ ಮುಖ್ಯಸ್ಥ ಡಾಲ್ಟನ್, ತಾಳೆಮರಕ್ಕೆ ಟೋಪಿ ಇಟ್ಟಂಥ ಮನುಷ್ಯ. ನ್ಯಾಯವಂತ. ನಾನು ಬೊಂಬಾಯಿಯ ಬಾರಿನಲ್ಲಿ ಕೆಲಸ ಮಾಡಿದವನೆಂದು ದಿನಕ್ಕೆ ಮೂರು ಹೊತ್ತು ಹೇಳಿಕೊಳ್ಳುತ್ತಿದ್ದುದನ್ನು ಅವನು ಮರೆತಿರಲಿಲ್ಲ. ಶನಿವಾರ ತಾವು 'ಸೈತಾನ' ಎಂದು ಕರೆಯುವ ದೊಡ್ಡ ಬಾವಿಯ ಬಾಯಿ ಮುಚ್ಚುತ್ತೇವೆ, ಹಿಂದಿರುಗಿದ ಕೂಡಲೇ ತನಗೊಂದು ಬೂಲೆವಾರ್ಡಿಯೆ ಬೇಕು ಎಂದ. ಬುರ್ಬನ್ ವಿಸ್ಕಿ, ಇಟಲಿಯ ಕೆಂಪು ಕಹಿಮದ್ಯ, ಗಿಡಮೂಲಿಕೆ ಹಾಕಿದ ಸಿಹಿ ವೈನು, ಮೂರನ್ನೂ ಐಸಿನ ಮೇಲೆ ಕಲಕಿ ಕಿತ್ತಳೆ ಸಿಪ್ಪೆ ಹಿಂಡಿ ಕೊಡುವ ಪಾನೀಯ. "ಡಬ್ಬಿಯಲ್ಲಿ ಸಿಗದ್ದನ್ನು ಒಂದೇ ಒಂದು ಸಲ ನನ್ನ ಮುಂದೆ ಇಡು, ಶರ್ಕಿನವರ ಜೊತೆ ನಾನು ಜಗಳ ಮಾಡುತ್ತೇನೆ" ಎಂದ.

ಅಂಥದ್ದನ್ನು ಹತ್ತು ಸಾವಿರ ಮಾಡಿದ್ದೇನೆ ಎಂದೆ.

ಅವನು ಹೊರಗೆ ಹೋದ ಮೇಲೆ ಪಾಯಸ್ ಕೇಳಿದ: "ಹತ್ತು ಸಾವಿರ ಮಾಡಿದವ ಅದರ ಹೆಸರು ಒಂದು ಸಲ ಹೇಳು ನೋಡುವ."

"ಹೆಸರು ಕಲೀಲಿಕ್ಕೆ ಪುರುಸೊತ್ತು ಎಲ್ಲಿತ್ತು ಮಾರಾಯ, ಕಲಕಿ ಕಲಕಿಯೇ ಕೈ ಸೋತಿತ್ತು."

ಬುರ್ಬನ್ ಇತ್ತು. ಪಂಪಿನ ಬಿಡಿಭಾಗಗಳ ಪೆಟ್ಟಿಗೆಯಲ್ಲಿ ಅದು ಹೇಗೆ ಬಂತೆಂದು ನಾನು ಕೇಳಲಿಲ್ಲ, ನೀವೂ ಕೇಳಬೇಡಿ. ಉಳಿದೆರಡು ಆ ಪಾನನಿರೋಧದ ನಾಡಿನಲ್ಲಿ ದೀಪ ಹಿಡಿದು ಹುಡುಕಿದರೂ ಸಿಗುವಂತಿರಲಿಲ್ಲ. ಆದರೆ ಶನಿವಾರ ಆಟಿ ಅಮಾವಾಸ್ಯೆ. ಆ ದಿನ ತುಳುವರು ಖಾಲಿ ಹೊಟ್ಟೆಗೆ ಪಾಲೆ ಮರದ ಕೆತ್ತೆಯ, ಎಂದರೆ ತೊಗಟೆಯ, ಕಷಾಯ ಕುಡಿಯಬೇಕು; ಕುಡಿದರೆ ವರ್ಷವಿಡೀ ರೋಗ ಹತ್ತಿರ ಸುಳಿಯದು. ಅದರ ಕಹಿಯ ಮುಂದೆ ಹಾಗಲಕಾಯಿ ಜಿಲೇಬಿಯಂತೆ. ನಾನು ಕುವೈತಿಗೆ ಮರಳಿ ಹೊರಡುವಾಗ ಅಮ್ಮ ಒಣಗಿಸಿದ ಕೆತ್ತೆಯ ಪೊಟ್ಟಣವನ್ನೂ ಎರಡು ಬೊಳ್ಳುಕಲ್ಲುಗಳನ್ನೂ ಚೀಲಕ್ಕೆ ತುರುಕಿದ್ದಳು. ಆ ಬಿಳಿ ಕಲ್ಲನ್ನು ಕೆಂಡದಂತೆ ಕಾಯಿಸಿ ಕಷಾಯಕ್ಕೆ ಮುಳುಗಿಸುವುದು ನಮ್ಮ ಪದ್ಧತಿ. ಇಟಲಿಯವರ ಕಹಿಗೆ ಅಮ್ಮನ ಕಹಿ ಸವಾಲು ಹಾಕಲಿ ಎಂದುಕೊಂಡೆ. ಕೆಂಪು ಬಣ್ಣಕ್ಕೆ ಪುನರ್ಪುಳಿಯ, ಎಂದರೆ ಕೋಕಂ ಹಣ್ಣಿನ, ಒಣಸಿಪ್ಪೆ ಇದ್ದೇ ಇತ್ತು.

ಸಿಹಿ ವೈನು ಇದ್ದದ್ದು ನಮ್ಮವರೇ ಹೆಚ್ಚಿದ್ದ ಅಬ್ಬಾಸಿಯಾ ಬಡಾವಣೆಯಲ್ಲಿ, ಪಾಯಸನ ಹೆಂಡತಿ ಮೊಲ್ಲಿಯ ಮಂಚದಡಿಯಲ್ಲಿ. ಒಣದ್ರಾಕ್ಷಿ, ಲವಂಗ, ಚಕ್ಕೆ ಹಾಕಿ ಅವಳು ಹಿಂದಿನ ಕ್ರಿಸ್ಮಸ್ಸಿಗೆಂದು ಭರಣಿಯಲ್ಲಿ ಇಟ್ಟ ವೈನು. ನರ್ಸ್ ಮೊಲ್ಲಿ ಯುದ್ಧದುದ್ದಕ್ಕೂ ಆಸ್ಪತ್ರೆ ಬಿಟ್ಟು ಹೋಗಿರಲಿಲ್ಲ. ಸೈನಿಕರು ಮನೆ ಶೋಧಿಸಲು ಬಂದಾಗ ಭರಣಿ ತೋರಿಸಿ, ತಿಗಣೆ ಔಷಧ, ಮುಟ್ಟಿದರೆ ಕೈ ಉದುರುತ್ತದೆ ಎಂದಿದ್ದಳಂತೆ. ಅರ್ಧ ಸೈನ್ಯ ಆ ಮಾತಿಗೇ ಬಸ್ರಾದವರೆಗೆ ಓಡಿತು ಎಂಬುದು ನನ್ನ ಲೆಕ್ಕ. ಒಂದು ಬಾಟಲಿ ತುಂಬಿಸಿ ಕೊಡುತ್ತಾ ಅವಳು ಹೇಳಿದಳು: "ಯಶು, ಇದು ಯುದ್ಧ ಮುಗಿಸಿದ ವೈನು. ನೀನು ಹಾಳು ಮಾಡಿದರೆ ಆಸ್ಪತ್ರೆಯಲ್ಲಿ ನನ್ನ ಕೈಗೆ ಒಂದು ದಿನ ಸಿಕ್ಕೇ ಸಿಗ್ತಿ. ದಪ್ಪ ಸೂಜಿ ಉಂಟು."

ಶನಿವಾರ ಕೆತ್ತೆ ಜಜ್ಜಿ ಒಲೆಯ ಮೇಲಿಟ್ಟೆ. ಮನಸ್ಸು ಇಟಲಿಯಲ್ಲಿತ್ತು, ಕೈ ಮೂಲ್ಕಿಯಲ್ಲಿತ್ತು. ಹುಟ್ಟಿದಾಗಿನಿಂದ ನೋಡಿದ್ದನ್ನೇ ಕೈ ಮಾಡಿತು: ಒಂದು ಹಿಡಿ ಬೆಳ್ಳುಳ್ಳಿ, ಕರಿಮೆಣಸು, ಓಮ ಎಲ್ಲವನ್ನೂ ಕುಟ್ಟಿ ಹಾಕಿಬಿಟ್ಟಿತು. ಘಾಟು ಎಷ್ಟಿತ್ತೆಂದರೆ ಹೊರಗಿನ ಎಣ್ಣೆಹೊಗೆ ಒಂದು ಹೆಜ್ಜೆ ಹಿಂದೆ ಸರಿಯಿತು.

ಪಾಯಸ್ ಮೂಗು ಮುಚ್ಚಿಕೊಂಡು ಬಂದ. "ಇದು ಡಾಲ್ಟನಿಗಾ, ಬಾವಿಗೆ ಹೊಯ್ಯಲಿಕ್ಕಾ?"

ನನ್ನ ನಾಲಿಗೆ ಒಣಗಿತು. ನನ್ನ ನಾಲಿಗೆ ಒಣಗುವುದೆಂದರೆ ಸಮುದ್ರ ಬತ್ತಿದಂತೆ. ಪೊಟ್ಟಣದ ತಳದಲ್ಲಿ ಎರಡು ಚೂರು ಕೆತ್ತೆ ಮಾತ್ರ ಉಳಿದಿತ್ತು, ಅದನ್ನು ಕುದಿಸಿ ಇಳಿಸಲು ಗಂಟೆಗಳು ಬೇಕು. ಅಷ್ಟರಲ್ಲಿ ಹೊರಗೆ ಜೀಪುಗಳ ಹಾರ್ನು. ಸೈತಾನನ ಬಾಯಿ ಮುಚ್ಚಿತ್ತು. ಮಸಿ ಮೆತ್ತಿದ ತಂಡ ಹಾಡುತ್ತಾ ಊಟದ ಹಾಲಿಗೆ ನುಗ್ಗಿತು.

ಆಗ ನನ್ನ ತಲೆ ಓಡಿದ ವೇಗ ನೆನೆದರೆ ನನಗೇ ನನ್ನ ಮೇಲೆ ಗೌರವ ಬರುತ್ತದೆ. ನೀರು ಗಂಟೆಯಲ್ಲಿ ಬಿಡಿಸುವ ಕಹಿಯನ್ನು ವಿಸ್ಕಿ ಗಳಿಗೆಯಲ್ಲಿ ಬಿಡಿಸುತ್ತದೆ, ಬಿಸಿ ಕಲ್ಲು ಅದಕ್ಕೆ ಕೈಜೋಡಿಸುತ್ತದೆ. ಕೊನೆಯ ಚೂರುಗಳನ್ನು ಪುಡಿಮಾಡಿ ಪುನರ್ಪುಳಿ, ಸಕ್ಕರೆಯೊಂದಿಗೆ ಒಂದು ಪಾತ್ರೆ ಬುರ್ಬನ್ನಿಗೆ ಹಾಕಿದೆ. ಗ್ಯಾಸಿನ ಮೇಲೆ ಕೆಂಪಗೆ ಕಾದ ಬೊಳ್ಳುಕಲ್ಲನ್ನು ಇಕ್ಕುಳದಲ್ಲಿ ಹಿಡಿದು, ಎಲ್ಲವನ್ನೂ ಡಾಲ್ಟನ್ನನ ಮೇಜಿಗೇ ಒಯ್ದೆ. ಇಂಥ ಕೆಲಸವನ್ನು ಅಡುಗೆಮನೆಯಲ್ಲಿ ಅಡಗಿ ಮಾಡುವವನು ನಾನಲ್ಲ.

ಕಲ್ಲು ಬೀಳುವ ಮುಂಚೆಯೇ ಭಗ್ಗೆಂದು ನೀಲಿ ಜ್ವಾಲೆ ಎದ್ದು ಚಾವಣಿ ಮುಟ್ಟಿತು. ಒಂದು ಗೇಣು ಎದ್ದಿತ್ತು ಎಂದು ಪಾಯಸ್ ಹೇಳುತ್ತಾನೆ. ಅವನು ಆಗ ಕಣ್ಣು ಮುಚ್ಚಿದ್ದ. ಸೈತಾನನ ಎದುರು ಕದಲದ ವೀರರು ಕುರ್ಚಿ ಕೆಡವಿ ಎದ್ದರು. ಒಬ್ಬ ಗೋಡೆಯ ಮೇಲಿನ ಕೆಂಪು ಸಿಲಿಂಡರ್ ಕಿತ್ತು ನನ್ನ ಪಾತ್ರೆಯತ್ತ ಮೂತಿ ತಿರುಗಿಸಿದ. ಆ ನೊರೆ ಬಿದ್ದಿದ್ದರೆ ಅಮ್ಮನ ಕೊನೆಯ ಕೆತ್ತೆ, ಅದರ ಹಿಂದೆ ನನ್ನ ಇಕಾಮಾ, ಎರಡೂ ಮುಳುಗುತ್ತಿದ್ದವು. ನಾನು ಕಲ್ಲನ್ನು ಒಳಗೇ ಬಿಟ್ಟು, ಪಕ್ಕದಲ್ಲಿದ್ದ ಸ್ಟೀಲು ತಟ್ಟೆಯನ್ನು ಎತ್ತಿ ಪಾತ್ರೆಯ ಮೇಲೆ ಕವುಚಿದೆ.

"ಖಲಾಸ್" ಎಂದೆ.

ಬೆಂಕಿ ಆರಿತು. ಒಂದು ಬಾವಿಗೆ ಅವರು ವಾರಗಟ್ಟಲೆ ತೆಗೆದುಕೊಳ್ಳುತ್ತಿದ್ದರು, ಹೋಲಿಕೆ ನಿಮಗೆ ಬಿಟ್ಟದ್ದು.

ಕಹಿಯನ್ನು ಬಟ್ಟೆಯಲ್ಲಿ ಸೋಸಿದೆ, ಮಾಣಿಕ್ಯದಂತೆ ಇಳಿಯಿತು. ಗಾಜಿನ ಹೂಜಿಗೆ ಐಸು ತುಂಬಿ, ಬುರ್ಬನ್ನು, ಕಹಿ, ಮೊಲ್ಲಿಯ ವೈನು ಹೊಯ್ದು ಸೌಟಿನ ಹಿಡಿಯಿಂದ ಕಲಕತೊಡಗಿದೆ. ಕುಲುಕಿದರೆ ಪಾನೀಯ ಕದಡುತ್ತದೆ. ಕಲಕುವಾಗ ಐಸು ಒಂದಕ್ಕೊಂದು ತಾಗಿ ಸದ್ದಾಗಬಾರದು, ಒಟ್ಟಾಗಿ ತಿರುಗಬೇಕು. ಹೂಜಿಯ ಹೊರಮೈ ಬೆವರಿ ಸೌಟು ಬೆರಳಿಗೆ ಕೊರೆಯುವಷ್ಟು ತಣ್ಣಗಾದಾಗ ನಿಲ್ಲಿಸಿ ಲೋಟಕ್ಕೆ ಬಗ್ಗಿಸಿ, ಕಿತ್ತಳೆ ಸಿಪ್ಪೆಯನ್ನು ಮೇಲೆ ಹಿಂಡಿದೆ.

ಡಾಲ್ಟನ್ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. ಇನ್ನೊಂದು ಗುಟುಕು.

"ಇದು ಬೂಲೆವಾರ್ಡಿಯೆ ಅಲ್ಲ" ಎಂದ.

ಪಾಯಸ್ ಶಿಲುಬೆಯ ಗುರುತು ಹಾಕಿಕೊಂಡ.

ಈ ಕಹಿ ಯಾವುದೆಂದು ಡಾಲ್ಟನ್ ಕೇಳಿದ. ವರ್ಷಕ್ಕೊಮ್ಮೆ ಅಮ್ಮ ಕುಡಿಸುವ ಮರದ್ದು ಎಂದೆ. ತನ್ನ ಅಜ್ಜಿಯೂ ಚಳಿಗಾಲ ಕಳೆದ ಕೂಡಲೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಯಾವುದೋ ಬೇರು ಬೇಯಿಸಿ ಕುಡಿಸುತ್ತಿದ್ದಳು, ಓಡಿದವರಿಗೆ ಎರಡು ಪಾಲು ಎಂದ. ಲೋಟ ಬರಿದು ಮಾಡಿದ. ಸೊಂಟದ ವಾಕಿಟಾಕಿ ತೆಗೆದು ಶರ್ಕಿನ ಆಫೀಸನ್ನು ಕರೆದು, ಎಲ್ಲರಿಗೂ ಕೇಳುವಂತೆ ಹೇಳಿದ: "ಅಡುಗೆಮನೆ ಇಲ್ಲೇ ಇರುತ್ತದೆ. ಬೇಡವೆಂದರೆ ನಾಳೆಯ ಬಾವಿಗೆ ನೀವೇ ಬನ್ನಿ."

ತಂಡ ಮೇಜು ಬಡಿಯಿತು. ತಮಗೂ ಬೇಕೆಂದು ಸುತ್ತುವರಿಯಿತು. ಕೆತ್ತೆ ಮುಗಿದಿತ್ತು. ಆದರೆ ಒಲೆಯ ಮೇಲೆ ದೊಡ್ಡ ಪಾತ್ರೆ ತುಂಬ ಬೆಳ್ಳುಳ್ಳಿಯ ಕಷಾಯ ಬಿಸಿಬಿಸಿಯಾಗಿತ್ತು. ನಿಜವಾದ ಶೂರರ ಪಾನೀಯ ಇದು, ಖಾಲಿ ಹೊಟ್ಟೆಯಲ್ಲಿ ಒಂದೇ ಉಸಿರಿಗೆ ಕುಡಿಯಬೇಕು ಎಂದು ಎಲ್ಲರ ಕೈಗೂ ಲೋಟ ಕೊಟ್ಟೆ. ಮುಂಜಾನೆಯ ಕತ್ತಲೆಯಲ್ಲೇ ಕುಡಿಯಬೇಕೆಂಬುದು ಅಮ್ಮನ ನಿಯಮ. ಕಿಟಕಿಯಾಚೆ ಕತ್ತಲೆಗೆ ಕೊರತೆ ಇರಲಿಲ್ಲ.

ಆ ಗಂಡಸರು ಅತ್ತದ್ದನ್ನು ಸೈತಾನನೂ ನೋಡಿರಲಿಕ್ಕಿಲ್ಲ.

ನವೆಂಬರಿನಲ್ಲಿ ಕುವೈತಿನ ಕೊನೆಯ ಬಾವಿಯೂ ಆರಿತು. ಅಲ್ಲಿಯವರೆಗೆ ನಮ್ಮ ತಂಡದಲ್ಲಿ ಒಬ್ಬನೂ ಒಮ್ಮೆಯೂ ಸೀನಲಿಲ್ಲ. ಕೀರ್ತಿ ಯಾರಿಗೆ ಸಲ್ಲಬೇಕೆಂದು ನಾನೇನೂ ಹೇಳುವುದಿಲ್ಲ, ಪಾಯಸ್ ಬೇಕಾದರೆ ಹೇಳಲಿ. ಅವನಿಗೂ ಅಂದು ಒಂದು ಲೋಟ ಕುಡಿಸಿದ್ದೇನೆ. ಓಡಲು ನೋಡಿದ್ದರಿಂದ ಎರಡು.